ಕ್ರೂಸರ್ ಬೈಕಿಗೆ ಬೇರೆ ಸೈಲೆನ್ಸರ್: ಮಲೆನಾಡಿನಲ್ಲಿ ಓಡಿಸುವವರು ಕೊಳ್ಳುವ ಮುನ್ನ ನೋಡಬೇಕಾದ್ದು

ಮಳೆ ಹಿಂದೆ ಸರಿದು ದಸರೆ ಹತ್ತಿರ ಬಂತೆಂದರೆ ಓದುಗರಿಂದ ಇದೇ ಪ್ರಶ್ನೆಗಳು ಶುರು. "ಮೀಟಿಯರ್‌ಗೆ ಯಾವ ಸೈಲೆನ್ಸರ್ ಚೆನ್ನಾಗಿರುತ್ತೆ?" "ಅವೆಂಜರ್ ಸದ್ದು ಸ್ವಲ್ಪ ಗಡಸಾಗೋ ಹಾಗೆ ಮಾಡಬಹುದಾ?" "ಥಂಡರ್‌ಬರ್ಡ್‌ನದು ತುಕ್ಕು ಹಿಡಿದು ತೂತಾಗಿದೆ, ಕಂಪನಿಯದೇ ಹಾಕಿಸಲಾ, ಹೊರಗಿನದಾ?" ಮೂರೂ ಕ್ರೂಸರ್‌ಗಳು, ಅಂದರೆ ಸೀಟು ತಗ್ಗಿದ್ದು ದೂರದ ಆರಾಮ ಓಟಕ್ಕೆಂದು ಮಾಡಿದ ಬೈಕುಗಳು. ಕೊನೆಯ ಪ್ರಶ್ನೆ ಅಗತ್ಯ, ಮೊದಲಿನೆರಡು ಆಸೆ. ಆಸೆ ತಪ್ಪಲ್ಲ. ಆದರೆ ಬೆಂಗಳೂರಿನ ಯಾವುದೋ ಫ್ಲೈಓವರ್ ಕೆಳಗೆ ತೆಗೆದ ವಿಡಿಯೊದ ಸದ್ದು ಕೇಳಿ ಆರಿಸಿದ ಸೈಲೆನ್ಸರ್ ತೀರ್ಥಹಳ್ಳಿಯ ಜುಲೈ ತಿಂಗಳನ್ನೂ ಆಗುಂಬೆ ಘಾಟಿಯ ತಿರುವುಗಳನ್ನೂ ತಾಳುತ್ತದೆ ಎನ್ನುವ ಭರವಸೆ ಇಲ್ಲ. ಇಲ್ಲಿ ಆಯ್ಕೆ ಶುರುವಾಗಬೇಕಾದ್ದು ಮಳೆ, ಏರು ಮತ್ತು ಕಾನೂನಿನಿಂದ. ಸದ್ದಿನ ಸರದಿ ಆಮೇಲೆ.

ಮೊದಲು ಭಾಗಗಳ ಪರಿಚಯ ಮಾಡಿಕೊಳ್ಳಿ, ಮೆಕ್ಯಾನಿಕ್ ಜೊತೆ ಮಾತಾಡಲು ಬೇಕಾಗುತ್ತದೆ. ಇಂಜಿನ್ ತಲೆಯಿಂದ ಬಾಗಿ ಕೆಳಗಿಳಿಯುವ ಕೊಳವೆ ಬೆಂಡ್ ಪೈಪ್. ಹಿಂದೆ ಉದ್ದಕ್ಕೆ ಕಾಣುವ ಡಬ್ಬಿಯೇ ನಿಜವಾದ ಸೈಲೆನ್ಸರ್. ಇವೆರಡರ ನಡುವೆ ಅಥವಾ ಡಬ್ಬಿಯೊಳಗೆ ಜೇನುಗೂಡಿನಂಥ ತೂತುಗಳಿರುವ ಒಂದು ತುಂಡು ಇರುತ್ತದೆ. ವಿಷಾನಿಲವನ್ನು ಕಡಿಮೆ ಮಾಡುವ ಅದಕ್ಕೆ ಕ್ಯಾಟಲಿಟಿಕ್ ಕನ್ವರ್ಟರ್, ಗ್ಯಾರೇಜಿನ ಬಾಯಲ್ಲಿ ಬರೀ ಕ್ಯಾಟ್ ಎನ್ನುತ್ತಾರೆ. ಬೆಂಡ್ ಪೈಪಿಗೆ ವೈರ್ ಸಮೇತ ಚುಚ್ಚಿಕೊಂಡಿರುವ ಸಣ್ಣ ಬೋಲ್ಟಿನಂಥದ್ದು ಆಕ್ಸಿಜನ್ ಸೆನ್ಸರ್. ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ನೋಡಿ ಇಂಜಿನ್‌ನ ಕಂಪ್ಯೂಟರಿಗೆ ಹೇಳುವುದು ಅದರ ಕೆಲಸ.

ಅಂಗಡಿಗೆ ಹೋಗುವಾಗ ಆರ್‌ಸಿ, ಬೈಕಿನ ಕೈಪಿಡಿ, ಒಂದು ಅಳತೆ ಟೇಪು, ಒಂದು ಸಣ್ಣ ಅಯಸ್ಕಾಂತ ಜೊತೆಗಿರಲಿ. ಸಾಧ್ಯವಾದರೆ ಬೈಕನ್ನೇ ಒಯ್ಯಿರಿ. ಫೋಟೊ ನೋಡಿ "ಕೂರುತ್ತೆ ಬಿಡಿ ಸಾರ್" ಎನ್ನುವ ಮಾತನ್ನು ನೆಚ್ಚಬೇಡಿ.

1. ಕಾನೂನನ್ನು ಮೊದಲು ಓದಿ

ಹೆಚ್ಚಿನವರು ಇದನ್ನು ಕೊನೆಗೆ, ಅಂದರೆ ಪೊಲೀಸರು ಕೈ ಅಡ್ಡ ಹಿಡಿದ ಮೇಲೆ, ಕೇಳುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ನಿಗದಿ ಮಾಡಿದ ಮೂಲ ವಿವರಗಳಿಗೆ ಹೊಂದದ ಹಾಗೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡನ್ನೂ ವಿಧಿಸಬಹುದು. ಶಬ್ದ ಅಥವಾ ಹೊಗೆಯ ಮಿತಿ ಮೀರಿದ ವಾಹನ ಓಡಿಸಿದರೆ 190ನೇ ಕಲಂ ಬರುತ್ತದೆ: ಮೊದಲ ಬಾರಿಗೆ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹತೆ. ಎಲ್ಲ ಸಲವೂ ಇಷ್ಟು ದೂರ ಹೋಗುವುದಿಲ್ಲ, ಸ್ಥಳದಲ್ಲೇ ದಂಡ ಕಟ್ಟಿಸಿ ಸೈಲೆನ್ಸರ್ ಬಿಚ್ಚಿಸುವುದೇ ಹೆಚ್ಚು. ಹಾಗೆ ಬಿಚ್ಚಿಸಿದವುಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸುವ ದೃಶ್ಯ ನಮ್ಮ ರಾಜ್ಯದವರಿಗೆ ಹೊಸದಲ್ಲ.

ಶಬ್ದಕ್ಕೆ ಅಂಕಿಯೂ ಇದೆ. 175 ಸಿಸಿಗಿಂತ ದೊಡ್ಡ ಬೈಕುಗಳು ಕಾರ್ಖಾನೆಯಿಂದ ಬರುವಾಗ 80 ಡೆಸಿಬಲ್ ಮೀರಬಾರದು, 80ರಿಂದ 175 ಸಿಸಿಯವು 77 ಡೆಸಿಬಲ್. ಅಂದರೆ ಅವೆಂಜರ್ 160 ಇಟ್ಟುಕೊಂಡವರಿಗೆ ಮಿತಿ ಇನ್ನೂ ಬಿಗಿ. ಈ ಅಳತೆ ಬೈಕು ಹಾದುಹೋಗುವಾಗ 7.5 ಮೀಟರ್ ದೂರದಿಂದ ಮಾಡುವಂಥದ್ದು. ಹಾಗಾಗಿ ಸೈಲೆನ್ಸರ್ ಪೆಟ್ಟಿಗೆಯ ಮೇಲಿನ "92 ಡೆಸಿಬಲ್", "95 ಡೆಸಿಬಲ್" ಎನ್ನುವ ಅಂಕಿಯನ್ನು ಇದರ ಪಕ್ಕ ಇಟ್ಟು ತೂಗಬೇಡಿ. ನಿಂತ ಬೈಕಿನ ಹೊರಬಾಯಿಯ ಹತ್ತಿರ ಮೀಟರ್ ಹಿಡಿದು ಅಳೆದರೆ ಬೇರೆಯೇ ಅಂಕಿ ಬರುತ್ತದೆ.

"ಇದಕ್ಕೆ ಇ-ಮಾರ್ಕ್ ಇದೆ, ಲೀಗಲ್" ಎಂದು ಮಾರುವವರಿದ್ದಾರೆ. ವೃತ್ತದೊಳಗೆ ಇ ಅಕ್ಷರ ಮತ್ತು ಒಂದು ಅಂಕಿ ಇರುವ ಆ ಗುರುತು ಯುರೋಪಿನ ನಿಯಮದಂತೆ ಪರೀಕ್ಷೆಯಾಗಿದೆ ಎಂಬುದರ ಸೂಚನೆ. ಗುಣಮಟ್ಟ ತಿಳಿಯಲು ಒಳ್ಳೆಯದೇ. ಆದರೆ ಅದು ನಮ್ಮ ಆರ್‌ಟಿಒ ಕೊಟ್ಟ ಅನುಮತಿ ಅಲ್ಲ.

ಇಷ್ಟೆಲ್ಲ ಓದಿದ ಮೇಲೆ ನನ್ನ ಅಭಿಪ್ರಾಯ: ಪೂರ್ತಿ ನಿಶ್ಚಿಂತೆ ಬೇಕಿದ್ದರೆ ನಿಮ್ಮ ಮಾಡೆಲ್‌ಗೆಂದೇ ಕಂಪನಿ ಕೊಡುವ ಸೈಲೆನ್ಸರ್ ಹಾಕಿಸಿ. ಹೊರಗಿನದೇ ಬೇಕೆಂದರೆ, ಸದ್ದು ಮೂಲದ್ದಕ್ಕೆ ಹತ್ತಿರವಿದ್ದಷ್ಟೂ ತೊಂದರೆ ಕಡಿಮೆ. ಕಾನೂನಿನ ಕಣ್ಣಿನಿಂದ ಪೂರ್ತಿ ತಪ್ಪಿಸಿಕೊಂಡಿರಿ ಎಂದು ಮಾತ್ರ ಯಾರೂ ಬರೆದುಕೊಡಲಾರರು.

2. ನಿಮ್ಮ ಬೈಕು ಯಾವ ಕಾಲದ್ದು ತಿಳಿಯಿರಿ

ಆರ್‌ಸಿಯಲ್ಲಿ ತಯಾರಾದ ತಿಂಗಳು, ವರ್ಷ ಇರುತ್ತದೆ. 2020ರ ಏಪ್ರಿಲ್ 1ರಿಂದ ಬಿಎಸ್-6, ಅಂದರೆ ವಾಹನದ ಹೊಗೆಗೆ ಬಿಗಿ ಮಿತಿ ಹಾಕುವ ನಿಯಮ, ಜಾರಿಗೆ ಬಂತು. ಆ ವರ್ಷದ ನವೆಂಬರಿನಲ್ಲಿ ಬಂದ ಮೀಟಿಯರ್ 350, 2023ರ ಸೂಪರ್ ಮೀಟಿಯರ್ 650, ಬಿಎಸ್-6 ಅವೆಂಜರ್‌ಗಳು, ಇವೆಲ್ಲ ಫ್ಯುಯೆಲ್ ಇಂಜೆಕ್ಷನ್ ಗಾಡಿಗಳು, ಅಂದರೆ ಕಂಪ್ಯೂಟರ್ ಅಳೆದು ಪೆಟ್ರೋಲ್ ಚಿಮ್ಮಿಸುವಂಥವು. ಥಂಡರ್‌ಬರ್ಡ್ 350, ಹಳೆಯ ಅವೆಂಜರ್ ಇವು ಕಾರ್ಬುರೇಟರ್‌ನವು, ಗಾಳಿಯ ಎಳೆತಕ್ಕೇ ಪೆಟ್ರೋಲ್ ಬೆರೆಯುವಂಥವು.

ಈ ವ್ಯತ್ಯಾಸ ಯಾಕೆ ಬೇಕು? ಹೊಗೆ ಹೊರಹೋಗುವ ದಾರಿ ಸಲೀಸಾದರೆ ಇಂಜಿನ್ ಒಳಗೆ ಎಳೆಯುವ ಗಾಳಿಯ ಲೆಕ್ಕವೂ ಬದಲಾಗುತ್ತದೆ. ಪೆಟ್ರೋಲ್ ಮೊದಲಿನಷ್ಟೇ ಬಂದರೆ ಮಿಶ್ರಣ ತೆಳುವಾಗುತ್ತದೆ. ಮೆಕ್ಯಾನಿಕ್‌ಗಳು ಲೀನ್ ಎನ್ನುವುದು ಇದನ್ನೇ. ಲೀನ್ ಓಡಿದರೆ ಇಂಜಿನ್ ಬಿಸಿಯಾಗುತ್ತದೆ, ಎಕ್ಸಲರೇಟರ್ ಬಿಟ್ಟಾಗ ಪಟಪಟ ಸಿಡಿಯುತ್ತದೆ. ಕಾರ್ಬುರೇಟರ್ ಗಾಡಿಯಲ್ಲಿ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ತುಂಡು) ಬದಲಿಸಿ, ಸ್ಕ್ರೂ ತಿರುಗಿಸಿ ಸರಿಮಾಡಬಹುದು. ಇಂಜೆಕ್ಷನ್ ಗಾಡಿಯಲ್ಲಿ ಆಕ್ಸಿಜನ್ ಸೆನ್ಸರ್ ನೋಡಿ ಕಂಪ್ಯೂಟರ್ ತಾನೇ ಸ್ವಲ್ಪ ಮಟ್ಟಿಗೆ ಹೊಂದಿಸಿಕೊಳ್ಳುತ್ತದೆ, ಆದರೆ ಎಕ್ಸಲರೇಟರ್ ಪೂರ್ತಿ ತಿರುಗಿಸಿದಾಗ ಅದು ಸೆನ್ಸರನ್ನು ಕೇಳದೆ ಒಳಗೆ ಬರೆದಿಟ್ಟ ಪಟ್ಟಿಯ ಪ್ರಕಾರ ನಡೆಯುತ್ತದೆ. ಆದ್ದರಿಂದ "ಬಿಎಸ್-6 ಗಾಡಿಗೆ ಏನು ಹಾಕಿದರೂ ಅದೇ ಅಡ್ಜಸ್ಟ್ ಮಾಡ್ಕೊಳ್ಳುತ್ತೆ" ಅನ್ನುವುದು ಅರ್ಧ ನಿಜ.

3. ಸ್ಲಿಪ್-ಆನ್ ಸಾಕು

ಹಿಂದಿನ ಡಬ್ಬಿ ಮಾತ್ರ ಬದಲಿಸುವುದು ಸ್ಲಿಪ್-ಆನ್. ಬೆಂಡ್ ಪೈಪ್ ಸಮೇತ ಎಲ್ಲ ಬದಲಿಸುವುದು ಫುಲ್ ಸಿಸ್ಟಮ್. ಕ್ರೂಸರ್‌ಗೆ ಸ್ಲಿಪ್-ಆನ್ ಸಾಕು. ಫುಲ್ ಸಿಸ್ಟಮ್ ಹಾಕಿದರೆ ಕ್ಯಾಟ್ ಹೋಗುವ ಸಂಭವ ಹೆಚ್ಚು, ಸೆನ್ಸರ್ ಕೂರಿಸುವ ಗುಂಡಿಯ ಅಳತೆ ಹೊಂದದೆ ಹೋಗಬಹುದು, ಇಂಜಿನ್ನಿನ ವಾರಂಟಿಗೆ ಕಂಪನಿ ತಕರಾರು ತೆಗೆಯಬಹುದು.

ಕ್ಯಾಟ್ ಎಲ್ಲಿದೆ ಎನ್ನುವುದನ್ನು ಮಾತ್ರ ಸರ್ವಿಸ್ ಸೆಂಟರಿನಲ್ಲಿ ಕೇಳಿಯೇ ಹೊರಡಿ. ಕೆಲವು ಮಾಡೆಲ್‌ಗಳಲ್ಲಿ ಬೆಂಡ್ ಪೈಪಿನ ಕಡೆ, ಕೆಲವದರಲ್ಲಿ ಡಬ್ಬಿಯೊಳಗೇ ಇರುತ್ತದೆ. ಡಬ್ಬಿಯೊಳಗಿದ್ದರೆ ಸ್ಲಿಪ್-ಆನ್ ಹಾಕಿದ ಕೂಡಲೇ ಕ್ಯಾಟ್ ಹೋಯಿತು, ಮುಂದಿನ ಎಮಿಷನ್ ಟೆಸ್ಟಿನಲ್ಲಿ ಅದು ಕಾಣಬಹುದು.

ಇನ್ನೊಂದು ಕೆಟ್ಟ ಚಾಳಿ ಇದೆ: ಮೂಲ ಸೈಲೆನ್ಸರನ್ನೇ ಕೊಯ್ದು ಒಳಗಿನದೆಲ್ಲ ತೆಗೆದು ವೆಲ್ಡ್ ಮಾಡಿಸುವುದು. ಹಣ ಉಳಿಯುತ್ತದೆ ಅನ್ನಿಸುತ್ತದೆ. ಆದರೆ ಹಿಂದಿರುಗುವ ದಾರಿ ಮುಚ್ಚುತ್ತದೆ, ವೆಲ್ಡ್ ಆದ ಗೆರೆಯಲ್ಲೇ ಮೊದಲ ಮಳೆಗೆ ತುಕ್ಕು ಶುರುವಾಗುತ್ತದೆ.

4. ಹೊಟ್ಟೆಯೊಳಗೆ ಏನಿದೆ ನೋಡಿ

ಬುಲೆಟ್ ಲೋಕದಲ್ಲಿ ಹೆಸರುಗಳಿಗೇನು ಬರ: ಗೋಲ್ಡ್‌ಸ್ಟಾರ್, ಶಾರ್ಟ್ ಬಾಟಲ್, ಲಾಂಗ್ ಬಾಟಲ್, ಇಂದೋರಿ, ಪಂಜಾಬ್, ಡಾಲ್ಫಿನ್. ಇವೆಲ್ಲ ಹೆಚ್ಚಾಗಿ ಹೊರ ಆಕಾರದ ಹೆಸರುಗಳು. ಒಂದೇ ಹೆಸರಿನಲ್ಲಿ ಒಳಗೆ ಬೇರೆ ಬೇರೆ ಸರಕು ಸಿಗುತ್ತದೆ. ಕೊಳ್ಳುವಾಗ ಕೇಳಬೇಕಾದ್ದು ಒಳಗಿನ ರಚನೆ.

ಒಂದು ಬಗೆಯಲ್ಲಿ ಅಡ್ಡತಟ್ಟೆಗಳಿರುತ್ತವೆ. ಹೊಗೆ ಕೋಣೆಯಿಂದ ಕೋಣೆಗೆ ಸುತ್ತಿ ಬಳಲಿ ಹೊರಬೀಳುತ್ತದೆ. ಕಂಪನಿಯ ಸೈಲೆನ್ಸರ್‌ಗಳು ಸಾಮಾನ್ಯವಾಗಿ ಇಂಥವು. ತೂಕ ಹೆಚ್ಚು, ಸದ್ದು ಕಡಿಮೆ. ಇನ್ನೊಂದು ಬಗೆಯಲ್ಲಿ ನೇರವಾದ ತೂತು ಕೊಳವೆ, ಅದರ ಸುತ್ತ ಗ್ಲಾಸ್ ವೂಲ್ ತುಂಬಿರುತ್ತದೆ. ಸದ್ದನ್ನು ಹೀರುವುದು ಆ ಗಾಜಿನ ನಾರು. ಹಗುರ, ಸದ್ದು ಗಂಭೀರ, ಹೊಸದಿದ್ದಾಗ ಕೇಳಲು ಚೆಂದ. ಆದರೆ ನಮ್ಮ ಕಡೆ ಇದು ಮಳೆಗಾಲದ ಕಂಬಳಿಯ ಹಾಗೆ, ಒಮ್ಮೆ ನೆನೆದರೆ ಬೇಗ ಒಣಗದು. ನೆನೆದ ನಾರು ಗಂಟುಗಟ್ಟಿ, ಮೆಲ್ಲಗೆ ಉದುರಿ ಹೊಗೆಯೊಂದಿಗೆ ಹೊರಹೋಗುತ್ತದೆ. ಒಂದೆರಡು ಮಳೆಗಾಲ ಕಳೆಯುವುದರೊಳಗೆ ಗಂಭೀರವಾಗಿದ್ದ ಸದ್ದು ತಗಡು ಬಡಿದಂತಾಗುತ್ತದೆ. ಇಂಥದ್ದನ್ನೇ ಕೊಳ್ಳುವುದಾದರೆ ಹಿಂದಿನ ಮುಚ್ಚಳ ರಿವೆಟ್ ಅಥವಾ ಬೋಲ್ಟ್ ಬಿಚ್ಚಿ ನಾರು ಮತ್ತೆ ತುಂಬಿಸುವ ಹಾಗಿದೆಯೇ ನೋಡಿ. ಪೂರ್ತಿ ವೆಲ್ಡ್ ಮಾಡಿದ್ದು ಬೇಡ.

ಹೊರಬಾಯಿಯಲ್ಲಿ ಒಂದು ಬೋಲ್ಟಿನಿಂದ ಹಿಡಿದಿಟ್ಟ ಸಣ್ಣ ತುಂಡು ಇದ್ದರೆ ಅದು ಡಿಬಿ ಕಿಲ್ಲರ್, ಸದ್ದು ತಗ್ಗಿಸುವ ಬಿರಡೆ. "ಬೇಕಾದಾಗ ತೆಗೆಯಬಹುದು" ಎನ್ನುವುದೇ ಅದರ ಜಾಹೀರಾತು. ತೆಗೆಯಬೇಡಿ. ಬೋಲ್ಟ್ ಸಡಿಲವಾದರೆ ತಾನೇ ದಾರಿಯಲ್ಲಿ ಬಿದ್ದುಹೋಗುತ್ತದೆ, ಆಗಾಗ ನೋಡುತ್ತಿರಿ.

5. ಲೋಹ: ಇಲ್ಲಿ ಕಂಜೂಸಿ ಮಾಡಬೇಡಿ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟುವ ಮಳೆ. ಶಿವಮೊಗ್ಗ ನಗರಕ್ಕೆ ಅಷ್ಟಿಲ್ಲದಿದ್ದರೂ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿ ಒಣಗುವ ದಿನಗಳೇ ಕಡಿಮೆ. ಆದರೆ ಸೈಲೆನ್ಸರ್ ತಿನ್ನುವ ತುಕ್ಕು ಹೊರಗಿನಿಂದ ಮಾತ್ರ ಬರುವುದಿಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ದೂರದ ಓಟದಲ್ಲಿ ಡಬ್ಬಿ ಚೆನ್ನಾಗಿ ಕಾದು ಅದು ಹೊರಗೆ ಹೋಗುತ್ತದೆ. ಶಿವಮೊಗ್ಗದೊಳಗೇ ವಿನೋಬನಗರದಿಂದ ಗಾಂಧಿ ಬಜಾರಿಗೆ ಹೋಗಿ ಬರುವಷ್ಟರಲ್ಲಿ ಡಬ್ಬಿ ಕಾಯುವುದೇ ಇಲ್ಲ, ಆ ನೀರು ಒಳಗೇ ತಂಗುತ್ತದೆ. ಹೊರಗೆ ಫಳಫಳ ಹೊಳೆಯುವ ಸೈಲೆನ್ಸರ್ ಒಂದು ದಿನ ಕೆಳಭಾಗದಲ್ಲಿ ಇದ್ದಕ್ಕಿದ್ದಂತೆ ತೂತಾಗುವುದು ಇದರಿಂದಲೇ.

ಸಾದಾ ಕಬ್ಬಿಣದ ತಗಡಿಗೆ ಕ್ರೋಮ್ ಲೇಪ ಹಾಕಿದ್ದು ಅಗ್ಗ. ಲೇಪ ಹೊರಮೈಗೆ ಮಾತ್ರ, ಒಳಗೆ ಬೆತ್ತಲೆ ಕಬ್ಬಿಣ. ಎಸ್‌ಎಸ್ 304 ಎಂಬ ಸ್ಟೇನ್‌ಲೆಸ್ ಉಕ್ಕಿನಲ್ಲಿ ನೂರರಲ್ಲಿ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಇರುತ್ತದೆ. ನಮ್ಮ ಹವೆಗೆ ಇದೇ ಸರಿ. ಎಸ್‌ಎಸ್ 409 ಕಾರ್ಖಾನೆಯವರು ಬಹಳ ಬಳಸುವ ಜಾತಿ. ಮೇಲೆ ಕಂದು ಬಣ್ಣಕ್ಕೆ ತಿರುಗಿದರೂ ಬೇಗ ತೂತಾಗುವುದಿಲ್ಲ.

ಅಯಸ್ಕಾಂತ ತನ್ನಿ ಎಂದದ್ದು ಇದಕ್ಕೆ. 304ಕ್ಕೆ ಅದು ಅಂಟುವುದಿಲ್ಲ, ಬಾಗಿಸಿದ ಜಾಗದಲ್ಲಿ ತುಸು ಎಳೆಯಬಹುದು ಅಷ್ಟೇ. ಗಟ್ಟಿಯಾಗಿ ಅಂಟಿದರೆ ಸಾದಾ ಕಬ್ಬಿಣ ಇರಬಹುದು, 409 ಕೂಡ ಇರಬಹುದು. ಇದರಲ್ಲೂ ಒಂದು ಮೋಸವಿದೆ: ಅಗ್ಗದ ಎಸ್‌ಎಸ್ 202ಕ್ಕೂ ಅಯಸ್ಕಾಂತ ಅಂಟದು, ತುಕ್ಕು ತಡೆಯುವುದರಲ್ಲಿ ಅದು 304ಕ್ಕಿಂತ ಕೆಳಗೆ. ಆದ್ದರಿಂದ ಬಿಲ್ಲಿನಲ್ಲಿ "ಎಸ್‌ಎಸ್ 304" ಎಂದು ಬರೆದುಕೊಡಲು ಕೇಳಿ. ಬರೆಯಲು ಹಿಂದೆಮುಂದೆ ನೋಡಿದರೆ ಮುಂದಿನ ಅಂಗಡಿಗೆ ನಡೆಯಿರಿ.

ಡಬ್ಬಿಯ ಕೆಳಭಾಗದಲ್ಲಿ ಸೂಜಿಗಾತ್ರದ ಒಂದು ತೂತು ಇರುತ್ತದೆ. ನೀರು ಇಳಿಯಲಿ ಎಂದೇ ಮಾಡಿದ್ದು. ತಯಾರಿಕೆಯ ದೋಷ ಎಂದುಕೊಂಡು ಎಂ-ಸೀಲ್ ಮೆತ್ತುವವರಿದ್ದಾರೆ, ದಯವಿಟ್ಟು ಬೇಡ. ಕೆಸರು ಕಟ್ಟಿಕೊಂಡರೆ ತಂತಿ ಹಾಕಿ ಬಿಡಿಸಿ. ಬೆಂಡ್ ಪೈಪಿಗೆ ಪಟ್ಟಿ ಸುತ್ತುವ ಫ್ಯಾಷನ್ ರಾಜಸ್ಥಾನಕ್ಕೆ ಸರಿ. ಇಲ್ಲಿ ಆ ಪಟ್ಟಿ ನೀರು ಹಿಡಿದಿಟ್ಟುಕೊಂಡು ಅಡಿಯಲ್ಲಿರುವ ಪೈಪನ್ನು ತಿನ್ನಿಸುತ್ತದೆ.

ಟೈಟಾನಿಯಂ, ಕಾರ್ಬನ್ ಫೈಬರ್ ಬಗ್ಗೆ ಕ್ರೂಸರ್ ಸವಾರರು ಯೋಚಿಸುವ ಅಗತ್ಯವಿಲ್ಲ.

6. ಏರಿನಲ್ಲಿ ಎಳೆಯುತ್ತದೆಯೇ?

"ಹೊಗೆ ಫ್ರೀಯಾಗಿ ಹೋದರೆ ಪವರ್ ಜಾಸ್ತಿ" ಎನ್ನುವ ಮಾತು ರೇಸ್ ಟ್ರ್ಯಾಕಿನಿಂದ ಬಂದದ್ದು. ಇಂಜಿನ್ ಬಿಡುವ ಪ್ರತಿ ಉಸಿರೂ ಕೊಳವೆಯಲ್ಲಿ ಒಂದು ಒತ್ತಡದ ಅಲೆ. ಅದು ಕೊಳವೆಯ ತುದಿ ಮುಟ್ಟಿದಾಗ ಎಳೆಯುವ ಅಲೆಯಾಗಿ ತಿರುಗಿ ಬರುತ್ತದೆ. ಸರಿಯಾದ ಹೊತ್ತಿಗೆ ವಾಲ್ವ್ ಹತ್ತಿರ ಬಂದರೆ ಉಳಿದ ಹೊಗೆಯನ್ನೂ ಎಳೆದುಕೊಂಡು ಹೋಗುತ್ತದೆ. ಕೊಳವೆಯ ಉದ್ದ, ಅಗಲ ನಿಗದಿಯಾಗಿರುವುದು ಈ ಲೆಕ್ಕದಿಂದ. ಗಿಡ್ಡ, ಅಗಲ ಪೈಪು ಹಾಕಿದರೆ ಲಾಭ ಹೆಚ್ಚಿನ ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಕಡೆಗೆ ಸರಿಯುತ್ತದೆ, ಕೆಳಗೆ ಕೊರತೆ ಬೀಳುತ್ತದೆ.

ಮೀಟಿಯರ್ 350ರ 27 ನ್ಯೂಟನ್ ಮೀಟರ್ ಟಾರ್ಕ್ ಪೂರ್ತಿ ಸಿಗುವುದು 4,000 ಆರ್‌ಪಿಎಂನಲ್ಲಿ. ಟಾರ್ಕ್ ಎಂದರೆ ಚಕ್ರವನ್ನು ತಿರುಗಿಸುವ ಎಳೆತ. ಸೋಮೇಶ್ವರದಿಂದ ಆಗುಂಬೆಗೆ 14 ಹೇರ್‌ಪಿನ್ ತಿರುವು ಹತ್ತುವಾಗ, ಹಿಂದೆ ಒಬ್ಬರು ಕೂತು, ಎದುರಿಗೆ ಬಸ್ಸು ಬಂದಾಗ, ನಿಮಗೆ ಬೇಕಾಗುವುದು ಅದಕ್ಕಿಂತ ಕೆಳಗಿನ ಎಳೆತವೇ. ಹುಲಿಕಲ್, ಕೊಲ್ಲೂರು ಘಾಟಿಗಳಲ್ಲೂ ಅಷ್ಟೇ. ಒಳಗೆ ಖಾಲಿ ಇರುವ ಗಿಡ್ಡ ಪೈಪು ಹಾಕಿಸಿದವರು ಎರಡನೇ ಗೇರಿನಲ್ಲಿ ಹತ್ತುತ್ತಿದ್ದ ತಿರುವಿಗೆ ಮೊದಲನೆಯದಕ್ಕೆ ಇಳಿಯಬೇಕಾಗುತ್ತದೆ. ಸದ್ದು ಹೆಚ್ಚಾದ್ದರಿಂದ ಗಾಡಿ ಜೋರಾಗಿ ಓಡುತ್ತಿದೆ ಎಂಬ ಭ್ರಮೆ ಮಾತ್ರ ಉಚಿತ. ಉದ್ದ ಮೂಲದಷ್ಟೇ ಇರುವ, ಒಳಗಿನ ವ್ಯಾಸ ಬೆಂಡ್ ಪೈಪಿಗೆ ಹೊಂದುವ ಸೈಲೆನ್ಸರ್ ಆರಿಸಿ.

ಸದ್ದಿನ ವಿಷಯ ಬಂತು. ಹತ್ತು ಡೆಸಿಬಲ್ ಹೆಚ್ಚಿದರೆ ಕಿವಿಗೆ ಸುಮಾರು ಎರಡು ಪಟ್ಟು ಜೋರು ಕೇಳುತ್ತದೆ. ದಿನವಿಡೀ ಸವಾರಿ ಮಾಡುವವರಿಗೆ ಅದು ತಲೆನೋವು, ಕ್ರಮೇಣ ಕಿವಿಗೂ ಕೇಡು. ನಮ್ಮ ದಾರಿಗಳು ಎಲ್ಲಿ ಹಾಯುತ್ತವೆ ಎನ್ನುವುದೂ ನೆನಪಿರಲಿ. ತೀರ್ಥಹಳ್ಳಿ ದಾರಿಯಲ್ಲಿ ಸಕ್ರೆಬೈಲಿನ ಆನೆ ಬಿಡಾರ, ಮಂಡಗದ್ದೆಯ ಪಕ್ಷಿಧಾಮ, ಪಕ್ಕದಲ್ಲೇ ಶೆಟ್ಟಿಹಳ್ಳಿ ಅಭಯಾರಣ್ಯ, ಆಗುಂಬೆ ಇಳಿದರೆ ಸೋಮೇಶ್ವರ ಅಭಯಾರಣ್ಯ. ಶಿವಮೊಗ್ಗ ಊರೊಳಗೆ ಮೆಗ್ಗಾನ್ ಆಸ್ಪತ್ರೆ. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಎಂದು ನಿಯಮವೇ ಇದೆ.

7. ಅಂಗಡಿಯಲ್ಲಿ ಗಾಡಿಗೆ ಹಿಡಿದು ನೋಡಿ

ದುಡ್ಡು ಕೊಡುವ ಮೊದಲು ಡಬ್ಬಿಯನ್ನು ಜಾಗಕ್ಕೆ ಹಿಡಿಸಿ ನೋಡಿ. ಬಹಳ ಜನ ಮರೆಯುವ ಸಂಗತಿ ಡಬಲ್ ಸ್ಟ್ಯಾಂಡ್. ಹಲವು ಬೈಕುಗಳಲ್ಲಿ ಅದು ಮೇಲೆ ಮಡಚಿ ಕೂರುವ ರಬ್ಬರ್ ತಡೆ ಸೈಲೆನ್ಸರ್‌ಗೇ ಬೆಸೆದಿರುತ್ತದೆ. ಹೊಸದರಲ್ಲಿ ಅದಿಲ್ಲದಿದ್ದರೆ ಸ್ಟ್ಯಾಂಡ್ ಪ್ರತಿ ಗುಂಡಿಗೂ ಪೈಪಿಗೆ ಬಡಿಯುತ್ತದೆ, ಇಲ್ಲವೇ ಚೈನಿಗೆ ತಾಗುತ್ತದೆ. ಎರಡನೆಯದು, ಹಿಂದಿನ ಚಕ್ರದ ಆಕ್ಸಲ್ ಎಳೆಯಲು ಜಾಗವಿದೆಯೇ ನೋಡಿ. ಇಲ್ಲದಿದ್ದರೆ ನಗರ-ಹೊಸನಗರ ನಡುವೆ ಎಲ್ಲೋ ಪಂಕ್ಚರ್ ಆದಾಗ ಸೈಲೆನ್ಸರ್ ಬಿಚ್ಚದೆ ಚಕ್ರ ಬರುವುದಿಲ್ಲ.

ಹಿಂದೆ ಕೂರುವವರನ್ನು ಕೂರಿಸಿಯೇ ನೋಡಿ. ಸೀರೆ, ಪಂಚೆ, ಪಾದದ ಹಿಮ್ಮಡಿ, ಯಾವುದೂ ಪೈಪಿಗೆ ತಾಗಬಾರದು. ಹೀಟ್ ಶೀಲ್ಡ್, ಅಂದರೆ ಪೈಪಿನ ಮೇಲೆ ಅಂತರ ಬಿಟ್ಟು ಕೂರಿಸುವ ತಗಡು, ಇಲ್ಲದ ಸೈಲೆನ್ಸರ್ ಮನೆಮಂದಿ ಕೂರುವ ಗಾಡಿಗೆ ಬೇಡ. ಬ್ಯಾಗ್ ಕಟ್ಟುವವರು ಬ್ಯಾಗ್ ಸಮೇತ ಅಳೆಯಿರಿ. ಸೂಪರ್ ಮೀಟಿಯರ್‌ನಂಥ ಎರಡು ಸೈಲೆನ್ಸರ್ ಗಾಡಿಗೆ ಜೋಡಿಯಾಗಿಯೇ ಕೊಳ್ಳಿ.

8. ಕೂರಿಸುವ ಕೆಲಸ

ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆಯ ಪಳಗಿದ ಕೈಗಳಿಗೆ ಇದು ದೊಡ್ಡ ಕೆಲಸವಲ್ಲ. ಆದರೂ ಪಕ್ಕದಲ್ಲಿ ನಿಂತು ಈ ಕ್ರಮ ನಡೆಯುತ್ತಿದೆಯೇ ನೋಡಿ.

ಇಂಜಿನ್ ತಣ್ಣಗಿರಬೇಕು. ಮಳೆನಾಡಿನ ನಟ್ಟುಗಳು ತುಕ್ಕು ಹಿಡಿದು ಕಚ್ಚಿಕೊಂಡಿರುತ್ತವೆ, ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಟ್ಟರೆ ಒಳ್ಳೆಯದು. ಸ್ಲಿಪ್-ಆನ್‌ಗೆ ಇಂಜಿನ್ ತಲೆಯ ನಟ್ ಮುಟ್ಟುವ ಅಗತ್ಯ ಬೀಳುವುದು ಕಡಿಮೆ. ಮುಟ್ಟಲೇಬೇಕಾದರೆ ಬಲ ಹಾಕಿ ತಿರುಗಿಸಬಾರದು, ನಟ್ ಕೂರುವ ಸ್ಟಡ್ ಮುರಿದರೆ ಇಂಜಿನ್ ಹೆಡ್ಡಿಗೇ ಖರ್ಚು. ಅಲ್ಲಿಯ ಗ್ಯಾಸ್ಕೆಟ್, ಅಂದರೆ ಸಂದಿ ಸೋರದಂತೆ ನಡುವೆ ಕೂರಿಸುವ ಬಳೆ, ಹೊಸದೇ ಹಾಕಬೇಕು, ಹಳೆಯದು ಒಮ್ಮೆ ಅಮುಕಿದ ಮೇಲೆ ಮತ್ತೆ ಸರಿಯಾಗಿ ಕೂರದು.

ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಲ್ಲಿ ಸಡಿಲವಾಗಿ ಕೂರಿಸಿ, ಆಮೇಲೆ ಇಂಜಿನ್ ಕಡೆಯಿಂದ ಹಿಂದಕ್ಕೆ ಬಿಗಿಯುತ್ತ ಬರಬೇಕು. ಹಿಂದಿನದನ್ನು ಮೊದಲು ಬಿಗಿದರೆ ಪೈಪು ಎಳೆತದಲ್ಲಿ ಕೂತು ಕೆಲವೇ ತಿಂಗಳಲ್ಲಿ ಬ್ರಾಕೆಟ್ ಬಿರುಕು ಬಿಡುತ್ತದೆ. ಸಂದಿಗೆ ಸಿಲಿಕಾನ್ ಪೇಸ್ಟ್ ಬಳಿಯುವ ಅಭ್ಯಾಸವಿದೆ, ಆಕ್ಸಿಜನ್ ಸೆನ್ಸರಿನ ಹತ್ತಿರ ಅದು ಬೇಡ, ಸೆನ್ಸರ್ ಹಾಳಾಗಬಹುದು. ಕೊನೆಗೆ, ಸ್ಟಾರ್ಟ್ ಮಾಡುವ ಮೊದಲು ಪೈಪನ್ನೆಲ್ಲ ಸ್ವಚ್ಛ ಬಟ್ಟೆಯಿಂದ ಒರೆಸಿಸಿ. ಬೆರಳಿನ ಎಣ್ಣೆ ಬಿಸಿಗೆ ಸುಟ್ಟು ಅಚ್ಚಾದರೆ ಹೋಗುವುದೇ ಇಲ್ಲ.

ಸ್ಟಾರ್ಟ್ ಮಾಡಿ ಸಂದಿಗಳ ಹತ್ತಿರ ಕಿವಿಗೊಡಿ. ಚುಸ್ ಚುಸ್ ಎಂದರೆ ಸೋರಿಕೆ. ಇಂಜಿನ್ ಮತ್ತು ಸೆನ್ಸರಿನ ನಡುವೆ ಸೋರಿದರೆ ಹೊರಗಿನ ಗಾಳಿ ಒಳಸೇರಿ ಅದು ತಪ್ಪು ಲೆಕ್ಕ ಕೊಡುತ್ತದೆ. ಎಕ್ಸಲರೇಟರ್ ಬಿಟ್ಟಾಗ ಸಿಡಿಯುವ ಸದ್ದಿಗೂ ಬಹಳ ಸಲ ಮೂಲ ಇಂಥ ಸೋರಿಕೆಯೇ. ಅದನ್ನು ನೋಡದೆ ಜೆಟ್ ಬದಲಿಸಲು ಹೊರಟರೆ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತೀರಿ.

9. ಹಾಕಿಸಿದ ಮೇಲೆ

ಮೊದಲ ದೂರದ ಓಟ ಮುಗಿಸಿ ಗಾಡಿ ತಣ್ಣಗಾದ ಮೇಲೆ ಎಲ್ಲ ಬೋಲ್ಟ್ ಇನ್ನೊಮ್ಮೆ ಬಿಗಿಸಿ. ಬಿಸಿಗೆ ಹಿಗ್ಗಿ ಕುಗ್ಗಿ ಸಡಿಲವಾಗಿರುತ್ತವೆ. ಕಾರ್ಬುರೇಟರ್ ಗಾಡಿಯಾದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ: ತಿಳಿ ಕಂದು ಬಣ್ಣ ಸರಿ, ಬೆಳ್ಳಗಿದ್ದರೆ ಲೀನ್, ಕರಿ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು. ಇಂಜೆಕ್ಷನ್ ಗಾಡಿಯಲ್ಲಿ ಮೀಟರಿನ ಇಂಜಿನ್ ದೀಪ ಹತ್ತಿಕೊಂಡರೆ ಕಾಯದೆ ಸ್ಕ್ಯಾನ್ ಮಾಡಿಸಿ. ಎಮಿಷನ್ ಸರ್ಟಿಫಿಕೇಟ್ ಅವಧಿ ಇದ್ದರೂ ಮತ್ತೊಮ್ಮೆ ಪರೀಕ್ಷಿಸಿದರೆ ಕ್ಯಾಟ್ ಸ್ಥಿತಿಯ ಸುಳಿವು ಸಿಗಬಹುದು. ವಿಮಾ ಕಂಪನಿಗೆ ಬದಲಾವಣೆಯನ್ನು ಲಿಖಿತವಾಗಿ ತಿಳಿಸಿ, ಮುಚ್ಚಿಟ್ಟರೆ ಅಪಘಾತದ ಕ್ಲೇಮಿನ ಹೊತ್ತಿಗೆ ಅದೇ ತಕರಾರಿಗೆ ದಾರಿ.

ಮಳೆಗಾಲದಲ್ಲಿ ಪೇಟೆಯೊಳಗಷ್ಟೇ ಓಡಿಸುವವರು ವಾರಕ್ಕೊಮ್ಮೆಯಾದರೂ ಗಾಡಿಯನ್ನು ಅರ್ಧ ತಾಸು ಹೆದ್ದಾರಿಯಲ್ಲಿ ಓಡಿಸಿ ಡಬ್ಬಿ ಕಾಯಿಸಿ. ಮನೆಯ ಮುಂದೆ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವುದರಿಂದ ನೀರು ಹೆಚ್ಚಾಗುತ್ತದೆಯೇ ಹೊರತು ಒಣಗುವುದಿಲ್ಲ. ಹಳ್ಳದ ನೀರು ದಾಟುವಾಗ ಇಂಜಿನ್ ನಿಂತುಹೋದರೆ ಮತ್ತೆ ಸ್ಟಾರ್ಟ್ ಒತ್ತದೆ ದಡಕ್ಕೆ ತಳ್ಳಿ, ಮೊದಲು ಪೈಪಿನ ನೀರು ಬಸಿಯಿರಿ.

ಬಿಚ್ಚಿದ ಮೂಲ ಸೈಲೆನ್ಸರನ್ನು ಅಂಗಡಿಯವರಿಗೆ ಎಕ್ಸ್‌ಚೇಂಜಿಗೆ ಕೊಡಬೇಡಿ. 15 ವರ್ಷಕ್ಕೆ ಆರ್‌ಸಿ ನವೀಕರಣದ ತಪಾಸಣೆಗೆ, ಗಾಡಿ ಮಾರುವಾಗ, ಅಥವಾ ನಾಳೆಯೇ ಪೊಲೀಸರು ನಿಲ್ಲಿಸಿದರೆ ಅದು ಬೇಕು. ಒಳಗಿನ ನೀರು ಬಸಿದು, ಬಿಸಿಲಿಗಿಟ್ಟು ಒಣಗಿಸಿ, ಹೊರಮೈಗೆ ತೆಳುವಾಗಿ ಎಣ್ಣೆ ಸವರಿ ಅಟ್ಟಕ್ಕೆ ಹಾಕಿ. ಎರಡೂ ಬಾಯಿಗೆ ಬಟ್ಟೆ ತುರುಕುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿರುತ್ತದೆ.